ಸ್ಕೂಲಿನ ಮೊದಲ ವರ್ಷ: ನಿಮ್ಮ ಪ್ರಶ್ನೆಗೆ ಟೀಚರ್ ಉತ್ತರ

ಶಾಲೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಎಲ್‌ಕೆಜಿ ಮತ್ತು ಒಂದನೇ ಕ್ಲಾಸಿನ ಅಪ್ಪ ಅಮ್ಮಂದಿರದ್ದೇ ಜಾಸ್ತಿ. ಅದಕ್ಕೇ ಈ ಸಲ ಬೇರೆ ವಿಷಯಗಳನ್ನೆಲ್ಲ ಪಕ್ಕಕ್ಕಿಟ್ಟು ಅವರಿಗೆ ಮಾತ್ರ ಉತ್ತರ ಬರೆಯುತ್ತಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಟೀಚರ್, ನನ್ನ ಮಗನಿಗೆ ನಾಲ್ಕು ವರ್ಷ ಎರಡು ತಿಂಗಳು, ಎಲ್‌ಕೆಜಿ. ಬರೆಯುವುದಿಲ್ಲ ಅಂತ ಮಿಸ್ ದಿನಾ ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಮನೆಗೆ ಎರಡು ಪುಟ ಕಾಪಿ ರೈಟಿಂಗ್ ಇರುತ್ತದೆ. ಅರ್ಧ ಪುಟ ಆಗುವಷ್ಟರಲ್ಲಿ ಕೈ ನೋವು ಅಂತ ಅಳುತ್ತಾನೆ. ಇದು ಸೋಮಾರಿತನವಾ? – ಒಬ್ಬ ತಾಯಿ, ದಾವಣಗೆರೆ

ಸೋಮಾರಿತನ ಅಲ್ಲ. ಅವನಿಗೆ ನಿಜವಾಗಿಯೂ ಕೈ ನೋಯುತ್ತದೆ. ದಯವಿಟ್ಟು ನಂಬಿ.

ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಇನ್ನೂ ಮೂಳೆಯೇ ಆಗಿರುವುದಿಲ್ಲ, ಮೃದ್ವಸ್ಥಿಯಾಗಿರುತ್ತವೆ. ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ಗಟ್ಟಿಯಾದವು ಮಾತ್ರ ಎಕ್ಸ್‌ರೇಯಲ್ಲಿ ಕಾಣುತ್ತವೆ, ನಾಲ್ಕು ವರ್ಷದ ಮಗುವಿನ ಕೈಯ ಎಕ್ಸ್‌ರೇ ತೆಗೆದರೆ ಎಂಟರಲ್ಲಿ ಅರ್ಧದಷ್ಟು ಕಂಡರೆ ಹೆಚ್ಚು. ಬೆರಳಿನ ಸಣ್ಣ ಸ್ನಾಯುಗಳ ಕಥೆಯೂ ಹಾಗೇ. ದೊಡ್ಡವರ ಹಾಗೆ ಮೂರು ಬೆರಳಲ್ಲಿ ಪೆನ್ಸಿಲ್ ಹಿಡಿಯುವುದು ಬಹಳ ಮಕ್ಕಳಿಗೆ ನಾಲ್ಕರಿಂದ ಆರು ವರ್ಷದ ನಡುವೆ ಕೂಡಿಬರುತ್ತದೆ. ಅದಕ್ಕೆ ಮುಂಚೆ ಮುಷ್ಟಿಯಲ್ಲಿ ಹಿಡಿದು ಇಡೀ ತೋಳನ್ನು ಆಡಿಸಿ ಬರೆಯುತ್ತಾರೆ, ಅದಕ್ಕೇ ಬೇಗ ಸುಸ್ತು.

ಇನ್ನೊಂದು ಗಮನಿಸಿ. ನೋಡಿಕೊಂಡು ಸೊನ್ನೆ ಬರೆಯುವುದು ಮಗುವಿಗೆ ಸುಮಾರು ಮೂರು ವರ್ಷಕ್ಕೆ ಬರುತ್ತದೆ. ಕೂಡಿಸುವ ಚಿಹ್ನೆ ನಾಲ್ಕಕ್ಕೆ, ಚೌಕ ಅದಾದ ಮೇಲೆ, ತ್ರಿಕೋನ ಸುಮಾರು ಐದಕ್ಕೆ. ಓರೆ ಗೆರೆ ಎಳೆಯುವುದು ಅಷ್ಟು ಕಷ್ಟ. ಎಲ್‌ಕೆಜಿಯಲ್ಲಿ ಮೊದಲು ಬರೆಸುವ ಇಂಗ್ಲಿಷಿನ ‘ಎ’ ಅಂದರೆ ಎರಡು ಓರೆ ಗೆರೆ, ನಡುವೆ ಒಂದು ಅಡ್ಡಗೆರೆ. ತ್ರಿಕೋನವನ್ನೇ ಇನ್ನೂ ಬರೆಯಲಾಗದ ಮಗುವಿಗೆ ಅದನ್ನು ಎರಡು ಪುಟ ತುಂಬಿಸು ಅಂದರೆ ಅಳದೆ ಇನ್ನೇನು ಮಾಡಬೇಕು ಹೇಳಿ.

ಈಗ ಮನೆಯಲ್ಲಿ ಏನು ಮಾಡಬಹುದು ಅಂತ ಹೇಳುತ್ತೇನೆ. ಪೆನ್ಸಿಲ್ ಒಂದೆರಡು ತಿಂಗಳು ಮರೆತುಬಿಡಿ, ಬೆರಳಿಗೆ ಕೆಲಸ ಕೊಡಿ. ಅವರೆಕಾಯಿ ಕಾಲದಲ್ಲಿ ನೆನೆಸಿದ ಅವರೆಕಾಳನ್ನು ಅವನ ಮುಂದೆ ಇಟ್ಟು ಹಿತುಕಲು ಬಿಡಿ. ಆಗ ಅವನ ಕೈಯನ್ನೇ ನೋಡುತ್ತಾ ಕೂತುಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರೇ ಕೆಲಸ ಮಾಡುತ್ತವೆ, ಉಳಿದ ಎರಡು ಒಳಗೆ ಮಡಚಿಕೊಂಡು ಸುಮ್ಮನಿರುತ್ತವೆ. ಪೆನ್ಸಿಲಿಗೆ ಬೇಕಾದ ಹಿಡಿತ ಅದೇ! ಕಾಳು ಚಂಗನೆ ಹಾರಿ ಅಡುಗೆಮನೆಯ ಮೂಲೆ ಸೇರಿದರೆ ನಗುತ್ತಾ ಓಡಿಹೋಗಿ ತರುತ್ತಾನೆ, ಕೈ ನೋವು ಅನ್ನುವುದಿಲ್ಲ. ಯಾಕೆಂದರೆ ಸಾಕಾದಾಗ ಅವನೇ ಬಿಟ್ಟು ಎದ್ದುಹೋಗಬಹುದು. ಕಾಳನ್ನು ಮೂಗಿಗೆ ತುರುಕಿಕೊಳ್ಳುವ ವಯಸ್ಸು, ಹಾಗಾಗಿ ಪಕ್ಕದಲ್ಲೇ ಇರಿ. ಅವರೆಕಾಯಿ ಇಲ್ಲದ ತಿಂಗಳಲ್ಲಿ ಚಪಾತಿ ಹಿಟ್ಟು, ಬಟ್ಟೆಗೆ ಕ್ಲಿಪ್ ಹಾಕುವುದು, ಶರ್ಟಿನ ಗುಂಡಿ, ಹೂ ಬಿಡಿಸುವುದು, ರಂಗೋಲಿ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಉದುರಿಸುವುದು. ಕ್ರೆಯಾನ್ ಕೊಡುವುದಾದರೆ ಮುರಿದು ಪುಟ್ಟ ತುಂಡು ಮಾಡಿ ಕೊಡಿ, ಚಿಕ್ಕ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ತಾನಾಗಿ ಬೆರಳು ಸರಿಯಾಗಿ ಕೂರುತ್ತವೆ.

ಇನ್ನು ಆ ಎರಡು ಪುಟದ ವಿಷಯ. ಕೇಂದ್ರ ಸರ್ಕಾರದ 2020ರ ಸ್ಕೂಲ್ ಬ್ಯಾಗ್ ನೀತಿಯಲ್ಲಿ ಎರಡನೇ ಕ್ಲಾಸಿನ ತನಕ ಹೋಂವರ್ಕ್ ಬೇಡ ಅಂತಲೇ ಇದೆ. ಎಲ್‌ಕೆಜಿಗಂತೂ ಕೇಳುವುದೇ ಬೇಡ. ಆದರೆ ಮಿಸ್ ಹತ್ತಿರ ಜಗಳಕ್ಕೆ ಹೋಗಬೇಡಿ. ಎಷ್ಟೋ ಸಲ ಪುಟ ತುಂಬಿಸಿ ಅಂತ ಒತ್ತಾಯ ಮಾಡುವುದು ಬೇರೆ ಪೋಷಕರೇ, ಮಿಸ್ ನಡುವೆ ಸಿಕ್ಕಿಕೊಂಡಿರುತ್ತಾರೆ. ‘ಮಿಸ್, ಮನೆಯಲ್ಲಿ ನಾವು ಬೆರಳಿನ ಆಟ ಆಡಿಸುತ್ತಿದ್ದೇವೆ, ಬರವಣಿಗೆ ಒಂದು ಸಾಲು ಸಾಕು, ಬರೆಯದಿದ್ದರೂ ನಮ್ಮಿಂದ ದೂರಿಲ್ಲ’ ಅಂತ ಬಾಯಿಬಿಟ್ಟು ಹೇಳಿ. ಇಷ್ಟು ಹೇಳಿದರೆ ಬಹಳ ಮಿಸ್‌ಗಳಿಗೆ ಉಸಿರು ಬಿಟ್ಟ ಹಾಗಾಗುತ್ತದೆ.

ಅಕ್ಷರ, ಅಂಕಿ ಉಲ್ಟಾ ಬರೆಯುತ್ತಾನೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಕನ್ನಡಿಯಲ್ಲಿ ಕಂಡ ಹಾಗೆ 3 ತಿರುಗಿ ಬರೆಯುವುದು ಆರು ಏಳು ವರ್ಷದವರೆಗೂ ಸಾಮಾನ್ಯ. ಅದಕ್ಕೆ ಹೊಡೆಯುವುದು, ಹತ್ತು ಸಲ ಬರೆಸುವುದು ಖಂಡಿತ ಬೇಡ. ಎಡಗೈಯಲ್ಲಿ ಬರೆದರೆ ಬರೆಯಲು ಬಿಡಿ.

ಪ್ರಶ್ನೆ: ಗೇಟಿನ ಹತ್ತಿರ ಬಿಟ್ಟರೆ ನನ್ನ ಮಗಳು ಕಾಲು ಹಿಡಿದುಕೊಂಡು ಅಳುತ್ತಾಳೆ. ಅವಳು ನೋಡದಿದ್ದಾಗ ಮೆಲ್ಲಗೆ ಜಾರಿಕೊಳ್ಳಿ ಅಂತ ಆಯಾ ಹೇಳುತ್ತಾರೆ. ಸರೀನಾ? – ಒಬ್ಬ ತಂದೆ, ಹಾಸನ

ಬೇಡ, ಹೇಳದೆ ಹೋಗಬೇಡಿ. ಅಪ್ಪ ಯಾವ ಗಳಿಗೆಯಲ್ಲಾದರೂ ಮಾಯವಾಗಬಹುದು ಅಂತ ಅವಳಿಗೆ ಗೊತ್ತಾದರೆ ಮನೆಯಲ್ಲೂ ನಿಮ್ಮನ್ನು ಬಿಡುವುದಿಲ್ಲ. ‘ಊಟ ಆಗಿ ಹಾಡು ಹೇಳಿ ಮುಗಿದ ಮೇಲೆ ಬರ್ತೀನಿ’ ಅನ್ನಿ, ಒಂದು ಮುತ್ತು ಕೊಡಿ, ಹೊರಡಿ. ಚಿಕ್ಕ ಮಗುವಿಗೆ ‘ಮೂರು ಗಂಟೆ’ ಅಂದರೆ ಏನೂ ಅರ್ಥವಾಗದು, ‘ಊಟ ಆದಮೇಲೆ’ ಅಂದರೆ ಆಗುತ್ತದೆ. ಹೇಳಿದ ಹೊತ್ತಿಗೆ ನೀವೇ ಅಲ್ಲಿರಬೇಕು, ಮೊದಲ ತಿಂಗಳಂತೂ ತಡ ಮಾಡಲೇಬೇಡಿ. ಗೇಟಿನಲ್ಲಿ ಹತ್ತು ನಿಮಿಷ ನಿಂತು ಸಮಾಧಾನ ಮಾಡಿದಷ್ಟೂ ಅಳು ಉದ್ದವಾಗುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಹೊಂದಿಕೊಳ್ಳುತ್ತಾರೆ, ದಸರಾ ರಜೆ ಮುಗಿದ ಮೇಲೆ ಮತ್ತೆ ಎರಡು ದಿನ ಅಳಬಹುದು. ನೀವು ಹೋದ ಮೇಲೆ ಎಷ್ಟು ಹೊತ್ತು ಅಳುತ್ತಾಳೆ ಅಂತ ಮಿಸ್ ಹತ್ತಿರ ಕೇಳಿ. ಐದು ನಿಮಿಷದಲ್ಲಿ ಆಟಕ್ಕೆ ಸೇರಿದರೆ ನೀವು ಆಫೀಸಿನಲ್ಲಿ ನೆಮ್ಮದಿಯಾಗಿರಿ. ಇಡೀ ದಿನ ಊಟ ಬಿಟ್ಟು ಕೂತಿರುತ್ತಾಳೆ, ತಿಂಗಳಾದರೂ ಹಾಗೇ ಅಂದರೆ ಮಾತ್ರ ಅಲ್ಲಿ ಏನೋ ಆಗುತ್ತಿದೆ, ವಿಚಾರಿಸಿ.

ಪ್ರಶ್ನೆ: ನಮ್ಮ ಹುಡುಗ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ‘ರ ಗ ಸ ದ ಅ’ ಅಂತ ಕಲಿಸುತ್ತಿದ್ದಾರೆ. ನಾವೆಲ್ಲ ಕಲಿತದ್ದು ಅ ಆ ಇ ಈ ಅಲ್ವಾ? ಪಕ್ಕದ ಮನೆಯ ಕಾನ್ವೆಂಟ್ ಮಗು ಎಬಿಸಿಡಿ ಪೂರ್ತಿ ಹೇಳುತ್ತದೆ. ನಮ್ಮವನು ದಿನಾ ಹಾಡು ಹೇಳಿಕೊಂಡು ಬರುತ್ತಾನೆ, ನೋಟ್‌ಬುಕ್ಕಲ್ಲಿ ಏನೂ ಇರುವುದಿಲ್ಲ. ಬೇರೆ ಶಾಲೆಗೆ ಹಾಕಲಾ? – ಒಬ್ಬ ತಂದೆ, ಚಳ್ಳಕೆರೆ

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಿಮ್ಮ ಹುಡುಗನ ಶಾಲೆಯಲ್ಲಿ ಹೀಗೆ ಆಟ, ಹಾಡು, ಕಾರ್ಡುಗಳಿಂದ ಕಲಿಸುವ ಪದ್ಧತಿಗೆ ನಲಿಕಲಿ ಅಂತ ಹೆಸರು. ನಾನು ನಲಿಕಲಿ ಕ್ಲಾಸಿನಲ್ಲೇ ಇದ್ದವಳು, ಈ ಅನುಮಾನ ಪ್ರತಿ ಜೂನ್‌ನಲ್ಲೂ ಬಾಗಿಲಿಗೆ ಬರುತ್ತದೆ.

ನಲಿಕಲಿ ನಿನ್ನೆ ಮೊನ್ನೆಯದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ಮದನಪಲ್ಲಿ ಹತ್ತಿರದ ಋಷಿವ್ಯಾಲಿಯವರು ಹಳ್ಳಿ ಮಕ್ಕಳಿಗಾಗಿ ನಡೆಸುತ್ತಿದ್ದ ಶಾಲೆಗಳನ್ನು ನೋಡಿಕೊಂಡು ಬಂದ ನಮ್ಮ ಸರ್ಕಾರಿ ಶಾಲೆ ಟೀಚರುಗಳೇ ಕೂತು ಕಾರ್ಡು, ಹಾಡು, ಆಟ ಎಲ್ಲ ತಯಾರು ಮಾಡಿದರು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ಈಗ ರ ಗ ಸ ದ ಅ. ಸ್ವರಗಳನ್ನೆಲ್ಲ ಅ ಇಂದ ಅಃ ತನಕ ಬಾಯಿಪಾಠ ಮಾಡಿದ ಮಗುವಿಗೆ ಆ ಅಕ್ಷರಗಳಲ್ಲಿ ಓದಲು ಪದಗಳೇ ಸಿಗುವುದಿಲ್ಲ. ಅದೇ ರ ಗ ಸ ದ ಅ ಐದೇ ಅಕ್ಷರ ಬಂದ ಮಗು ಸರ ಓದುತ್ತದೆ, ರಸ ಓದುತ್ತದೆ, ಅರಸ, ಅಗಸ, ದರ, ಸರಸರ, ಗರಗರ ಎಲ್ಲ ಓದುತ್ತದೆ. ಬರೆಯಲು ಸುಲಭ, ಮಾತಿನಲ್ಲಿ ಜಾಸ್ತಿ ಬರುವ ಅಕ್ಷರಗಳನ್ನು ಮುಂದೆ ತಂದಿದ್ದಾರೆ ಅಷ್ಟೇ. ಸರ ಅಂತ ಓದಿದ ಮಗು ಅದನ್ನೇ ತಿರುಗಿಸಿ ರಸ ಅಂತ ಓದಿ ನಿಮ್ಮ ಮುಖ ನೋಡುತ್ತದೆ ನೋಡಿ, ಓದು ಅಂದರೆ ಏನು ಅಂತ ಅದಕ್ಕೆ ಗೊತ್ತಾಗುವುದು ಆವತ್ತೇ. ಪಕ್ಕದ ಮನೆ ಮಗು ಎಬಿಸಿಡಿ ಹೇಳುವುದು ಸಂತೋಷವೇ. ಆದರೆ ಅದು ಇನ್ನೂ ಹಾಡು, ಓದು ಅಲ್ಲ.

ಹೋಲಿಸುವುದಾದರೆ ಇದನ್ನೂ ನೆನಪಿಡಿ. ಇಂಗ್ಲಿಷಿನ ಪಟ್ಟಿ 26ಕ್ಕೆ ಮುಗಿಯುತ್ತದೆ (ಅದರ ಸ್ಪೆಲ್ಲಿಂಗ್ ಕಷ್ಟ ಆಮೇಲೆ ಶುರು, ಆ ಮಾತು ಬೇರೆ). ಕನ್ನಡದಲ್ಲಿ 49 ಅಕ್ಷರ, ಕಾಗುಣಿತ ಸೇರಿಸಿದರೆ ಕಣ್ಣಿಗೆ ಗುರುತು ಸಿಗಬೇಕಾದ ರೂಪಗಳೇ 400ಕ್ಕೂ ಜಾಸ್ತಿ, ಅದರ ಮೇಲೆ ಒತ್ತಕ್ಷರ. ಕನ್ನಡ ಓದುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು: ಅಕ್ಷರಗಳೆಲ್ಲ ಕೈಗೆ ಬರುವ ಹೊತ್ತಿಗೆ ಮಕ್ಕಳು ಮೂರು ನಾಲ್ಕನೇ ಕ್ಲಾಸಿಗೆ ಬಂದಿರುತ್ತಾರೆ. ನಮ್ಮ ಲಿಪಿಯ ಸ್ವಭಾವವೇ ಅದು. ಹಾಗಾಗಿ ಒಂದನೇ ಕ್ಲಾಸಿನ ಆಗಸ್ಟ್‌ನಲ್ಲಿ ‘ಇನ್ನೂ ಪೇಪರ್ ಓದಲ್ಲ’ ಅಂತ ಕೂರಬೇಡಿ.

ಅದರ ಜೊತೆಗೆ ಒಂದನೇ ಕ್ಲಾಸಿನ ಮೊದಲ ಮೂರು ತಿಂಗಳು ಈಗ ವಿದ್ಯಾಪ್ರವೇಶ ಅಂತ ಇದೆ. ಆಟ, ಹಾಡು, ಕಥೆ, ಚಿತ್ರ, ಮಾತು. ಮಗುವನ್ನು ಶಾಲೆಗೆ ಒಗ್ಗಿಸುವುದಕ್ಕೇ ಮಾಡಿದ್ದು. ಆ ಹಾಡಿನಲ್ಲಿ ಪ್ರಾಸ ಇರುತ್ತದೆ, ಚಪ್ಪಾಳೆ ಇರುತ್ತದೆ, ‘ಕ-ಮ-ಲ’ ಅಂತ ಮೂರು ಚಪ್ಪಾಳೆ ತಟ್ಟುವ ಮಗು ಒಂದು ಮಾತಿನೊಳಗೆ ಎಷ್ಟು ತುಂಡುಗಳಿವೆ ಅಂತ ಕಿವಿಯಿಂದ ಎಣಿಸುತ್ತಿರುತ್ತದೆ. ಈ ಕಿವಿ ತಯಾರಾದ ಮಗುವಿಗೆ ಅಕ್ಷರ ಬೇಗ ಹತ್ತುತ್ತದೆ. ನೋಟ್‌ಬುಕ್ ಖಾಲಿ ಇರುವುದು ಕಲಿಯುತ್ತಿಲ್ಲ ಅನ್ನುವುದಕ್ಕೆ ಗುರುತಲ್ಲ.

ಹಾಗಂತ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಒಬ್ಬರೇ ಟೀಚರ್ ಒಂದು, ಎರಡು, ಮೂರು ಮೂರೂ ಕ್ಲಾಸು ಒಟ್ಟಿಗೆ ಕೂರಿಸಿಕೊಂಡು, ನಡುವೆ ಬಿಸಿಯೂಟದ ಲೆಕ್ಕವನ್ನೂ ಬರೆಯುತ್ತಿದ್ದರೆ ಎಂಥ ಒಳ್ಳೆಯ ಪದ್ಧತಿಯೂ ಸೊರಗುತ್ತದೆ. ಆದ್ದರಿಂದ ಒಂದು ದಿನ ಶಾಲೆಗೆ ಹೋಗಿ ನೋಡಿ. ಗೋಡೆಯ ಮೇಲೆ ಕಲಿಕಾ ಏಣಿ (ಕಲಿಯುವ ಹಂತಗಳನ್ನು ಮೆಟ್ಟಿಲಿನ ಹಾಗೆ ತೋರಿಸುವ ಪಟ) ಇರುತ್ತದೆ, ಮಗು ಯಾವ ಮೈಲಿಗಲ್ಲಿನಲ್ಲಿದೆ, ಅಂದರೆ ಯಾವ ಹಂತದಲ್ಲಿದೆ ಅಂತ ಪ್ರಗತಿ ನೋಟದಲ್ಲಿ ಟೀಚರ್ ತೋರಿಸುತ್ತಾರೆ. ಕಾರ್ಡುಗಳು ಮಕ್ಕಳ ಕೈಯಲ್ಲಿ ಸವೆದಿದ್ದರೆ ಕ್ಲಾಸು ನಡೆಯುತ್ತಿದೆ ಅಂತ ಅರ್ಥ. ಹೊಸದಾಗಿ ಹೊಳೆಯುತ್ತಾ ಟ್ರೇಯಲ್ಲೇ ಇದ್ದರೆ ಆಗ ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಿ. ನೋಡದೆ ಶಾಲೆ ಬದಲಿಸಬೇಡಿ.

ಪ್ರಶ್ನೆ: ಯುಕೆಜಿ ಮಗಳು ನೂರರ ತನಕ ಗಡಗಡ ಹೇಳುತ್ತಾಳೆ. ಆದರೆ ಏಳು ಚಮಚ ತಗೊಂಡು ಬಾ ಅಂದರೆ ಕೈಗೆ ಸಿಕ್ಕಷ್ಟು ತರುತ್ತಾಳೆ. ಯಾಕೆ ಹೀಗೆ? – ಒಬ್ಬ ತಾಯಿ, ಬೆಂಗಳೂರು

ನೂರರ ತನಕ ಹೇಳುವುದು ಬಾಯಿ ಕಲಿತ ವಿದ್ಯೆ. ಏಳು ಚಮಚ ತರಬೇಕಾದರೆ ಒಂದೊಂದಕ್ಕೆ ಒಂದೇ ಸಂಖ್ಯೆ ಹೇಳಬೇಕು, ಯಾವುದನ್ನೂ ಬಿಡಬಾರದು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅಂತ ತಿಳಿದಿರಬೇಕು, ಅಲ್ಲಿಗೆ ನಿಲ್ಲಿಸಬೇಕು. ಎಷ್ಟೊಂದು ಕೆಲಸ ಅಲ್ವಾ! ಇದು ಬೇರೆಯಾಗಿಯೇ ಕಲಿಯಬೇಕಾದದ್ದು.

ಇವತ್ತು ಸಂಜೆ ಒಂದು ಮಾಡಿ ನೋಡಿ. ಆರು ಹುಣಸೆ ಬೀಜ ಒಂದು ಸಾಲು, ಅದರ ಕೆಳಗೆ ಇನ್ನಾರು, ಜೋಡಿ ಜೋಡಿಯಾಗಿ ಇಡಿ. ‘ಎರಡೂ ಸಮನಾ?’ ಅಂದರೆ ಹೌದು ಅನ್ನುತ್ತಾಳೆ. ಈಗ ಅವಳ ಕಣ್ಣೆದುರೇ ಕೆಳಗಿನ ಸಾಲನ್ನು ಸ್ವಲ್ಪ ಅಗಲಿಸಿ. ‘ಈಗ ಯಾವುದರಲ್ಲಿ ಜಾಸ್ತಿ?’ ಐದು ವರ್ಷದ ಬಹಳ ಮಕ್ಕಳು ಉದ್ದದ ಸಾಲನ್ನೇ ತೋರಿಸುತ್ತಾರೆ. ಬೀಜ ಸೇರಿಸಿಲ್ಲ, ತೆಗೆದಿಲ್ಲ, ಆದರೂ! ಪಿಯಾಜೆ ಎಂಬ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಬಹಳ ಹಿಂದೆಯೇ ಇದನ್ನು ತೋರಿಸಿಕೊಟ್ಟರು. ಆರು ಏಳು ವರ್ಷದ ಹೊತ್ತಿಗೆ ಇದೇ ಮಗು ‘ಸಮವೇ, ನೀನು ದೂರ ಇಟ್ಟಿದ್ದೀಯ ಅಷ್ಟೇ’ ಅನ್ನುತ್ತದೆ. ಬೈದು ಕಲಿಸಬೇಡಿ, ನೋಡಿ ಖುಷಿಪಡಿ.

ಊಟಕ್ಕೆ ತಟ್ಟೆ ಹಾಕುವುದು ಅವಳ ಕೆಲಸವಾಗಲಿ, ಒಬ್ಬೊಬ್ಬರಿಗೆ ಒಂದೊಂದು. ಚೌಕಾಬಾರ ಆಡಿ, ಕವಡೆ ಎಸೆದು ನಾಲ್ಕು ಬಿದ್ದರೆ ನಾಲ್ಕೇ ಮನೆ ನಡೆಸಬೇಕು, ಇಲ್ಲದಿದ್ದರೆ ಅಜ್ಜಿ ಬಿಡುವುದಿಲ್ಲ. ಹಾವು ಏಣಿಯೂ ಒಳ್ಳೆಯದು, ಅಂಕಿಗಳು ಸಾಲಾಗಿರುವ ಇಂಥ ಆಟ ಆಡಿದ ಮಕ್ಕಳಿಗೆ ಸಂಖ್ಯೆಯ ಹಿಡಿತ ಬೇಗ ಬರುತ್ತದೆ ಅಂತ ಅಧ್ಯಯನಗಳೂ ಹೇಳಿವೆ. ಇಪ್ಪತ್ತೊಂಬತ್ತು ಆದಮೇಲೆ ‘ಇಪ್ಪತ್ತಹತ್ತು’ ಅಂದರೆ ನಗಬೇಡಿ. ಅವಳು ಬಾಯಿಪಾಠ ಒಪ್ಪಿಸುತ್ತಿಲ್ಲ, ನಿಯಮ ಹುಡುಕಿಕೊಂಡಿದ್ದಾಳೆ ಅಂತ ಅರ್ಥ.

ಪ್ರಶ್ನೆ: ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಮಗ ಕ್ಲಾಸಿನಲ್ಲಿ ಎರಡು ತಿಂಗಳಿಂದ ಬಾಯಿಯೇ ಬಿಟ್ಟಿಲ್ಲವಂತೆ. ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಅಂತ ಮಿಸ್ ಹೇಳಿದ್ದಾರೆ. – ಒಬ್ಬ ತಾಯಿ, ಪುತ್ತೂರು

ಮನೆಯ ತುಳು ಬಿಡಬೇಡಿ. ಹೊಸ ಭಾಷೆಯ ನಡುವೆ ಹೋಗಿ ಬಿದ್ದ ಮಗು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತದೆ. ಬಾಯಿ ಮುಚ್ಚಿದೆ, ಕಿವಿ ಮುಚ್ಚಿಲ್ಲ. ಮಿಸ್ ‘ಬ್ಯಾಗ್ ತಗೋ’ ಅಂದರೆ ತಗೊಳ್ಳುತ್ತಾನಾ? ಬೇರೆ ಮಕ್ಕಳ ಜೊತೆ ಓಡುತ್ತಾನಾ? ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಾನಾ? ಹೌದಾದರೆ ಕಾಯಿರಿ. ಕಥೆ ಹೇಳುವುದು, ಯಾಕೆ ಹೇಗೆ ಅಂತ ಕೇಳುವುದು, ಜಗಳವಾಡಿ ತನ್ನ ಕಡೆ ನ್ಯಾಯ ಹೇಳುವುದು, ಇವೆಲ್ಲ ಒಂದು ಭಾಷೆಯಲ್ಲಿ ಗಟ್ಟಿಯಾಗಿ ಬಂದರೆ ಇನ್ನೊಂದಕ್ಕೂ ಅದೇ ಬುನಾದಿ. ನಿಮಗೇ ಸರಾಗವಾಗಿ ಬಾರದ ಇಂಗ್ಲಿಷಿನಲ್ಲಿ ‘ಕಮ್, ಈಟ್, ಸಿಟ್’ ಅಂತ ಮಾತ್ರ ಮಾತಾಡಿದರೆ ಅವನಿಗೆ ಸಿಗುವ ಮಾತೇ ಬಡವಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಹ, ಸಾಧ್ಯವಿದ್ದಲ್ಲೆಲ್ಲ ಕಡೇಪಕ್ಷ ಐದನೇ ಕ್ಲಾಸಿನ ತನಕ ಮನೆಮಾತಲ್ಲೇ ಕಲಿಸಿ ಅನ್ನುತ್ತದೆ. ಮಿಸ್‌ಗೆ ತುಳು ಬಂದರೆ ‘ನೀರು ಬೇಕು’, ‘ಟಾಯ್ಲೆಟ್‌ಗೆ ಹೋಗಬೇಕು’ ಇವೆರಡಾದರೂ ತುಳುವಿನಲ್ಲಿ ಹೇಳಲು ಬಿಡಿ ಅಂತ ಕೇಳಿಕೊಳ್ಳಿ. ಅದು ಅವನ ಹಕ್ಕು.

ಪ್ರಶ್ನೆ: 2025-26ರಲ್ಲಿ ವಯಸ್ಸಿನ ಸಡಿಲಿಕೆ ಸಿಕ್ಕಿತು ಅಂತ 5 ವರ್ಷ 6 ತಿಂಗಳಿಗೇ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದೆವು. ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು. ಆಗಿನಿಂದ ಏನೇ ಮಾಡಿದರೂ ಹಿಂದೆ ಅಂತಾರೆ. – ಒಬ್ಬ ತಾಯಿ, ಕಲಬುರಗಿ

ರಾಜ್ಯದ ನಿಯಮ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ಇತ್ತು. ಯುಕೆಜಿ ಮುಗಿಸಿದ ಮಕ್ಕಳು ಅತಂತ್ರ ಆಗುತ್ತಾರೆ ಅಂತ ಪೋಷಕರು ಕೇಳಿಕೊಂಡಿದ್ದಕ್ಕೆ ಆ ಒಂದು ವರ್ಷ 5 ವರ್ಷ 5 ತಿಂಗಳಿಗೆ ಇಳಿಸಿದರು. ಸೇರಿಸಿದ್ದು ತಪ್ಪು ಅಂತ ಕೊರಗಬೇಡಿ. ಆದರೆ ಲೆಕ್ಕ ಹಾಕಿ: ಪಕ್ಕದಲ್ಲಿ ಕೂರುವ ಮಗು ಆರೂವರೆಯದ್ದಾಗಿದ್ದರೆ ಅದಕ್ಕೆ ನಿಮ್ಮ ಮಗಳಿಗಿಂತ ಒಂದು ವರ್ಷ ಜಾಸ್ತಿ, ಅಂದರೆ ಅವಳು ಬದುಕಿದ್ದರ ಐದರಲ್ಲಿ ಒಂದು ಭಾಗದಷ್ಟು. ಮಾತು, ಬೆರಳು, ಒಂದೇ ಕಡೆ ಕೂರುವ ತಾಳ್ಮೆ ಎಲ್ಲದರಲ್ಲೂ ಅದು ಕಾಣುತ್ತದೆ. ಕ್ಲಾಸಿನ ಅತಿ ಚಿಕ್ಕ ಮಕ್ಕಳಿಗೆ ‘ಗಮನ ಕೊಡಲ್ಲ, ಚಂಚಲ’ ಅನ್ನುವ ಹಣೆಪಟ್ಟಿ ಜಾಸ್ತಿ ಬೀಳುತ್ತದೆ ಅಂತ ಹಲವು ದೇಶಗಳಲ್ಲಿ ಕಂಡುಕೊಂಡಿದ್ದಾರೆ. ಅವಳ ಹುಟ್ಟಿದ ದಿನಾಂಕವನ್ನು ಈಗಿನ ಟೀಚರ್‌ಗೆ ನೆನಪಿಸಿ, ರಿಜಿಸ್ಟರಿನಲ್ಲಿದ್ದರೂ ದಿನಾ ನೋಡುವ ಕಣ್ಣಿಗೆ ಅದು ಕಾಣುವುದಿಲ್ಲ. ಅವಳನ್ನು ಕಳೆದ ವರ್ಷದ ಅವಳ ಜೊತೆಗೇ ಹೋಲಿಸಿ. ಟ್ಯೂಷನ್ ಬೇಡ, ನಿದ್ದೆ ಕೊಡಿಸಿ. ಆರು ದಾಟಿದ ಮಕ್ಕಳಿಗೂ 9ರಿಂದ 12 ಗಂಟೆ ನಿದ್ದೆ ಬೇಕು, ಇನ್ನೂ ಚಿಕ್ಕವರಿಗೆ ಅದಕ್ಕಿಂತ ಜಾಸ್ತಿ. ರಾತ್ರಿ ಹತ್ತೂವರೆ ತನಕ ಮೊಬೈಲ್ ನೋಡಿದ ಮಗು ಬೆಳಗ್ಗೆ ಏನು ಕಲಿತೀತು?

ಪ್ರಶ್ನೆ: ಸ್ಕೂಲಲ್ಲಿ ಏನು ಮಾಡಿದೆ ಅಂದರೆ ‘ಏನೂ ಇಲ್ಲ’ ಅಂತಾನೆ. – ಒಬ್ಬ ತಂದೆ, ಶಿರಸಿ

ಬಂದ ಕೂಡಲೇ ಕೇಳಬೇಡಿ, ಹಸಿವಾಗಿರುತ್ತದೆ. ತಿಂಡಿ ಆದಮೇಲೆ ‘ಇವತ್ತು ಯಾರು ಅತ್ತರು?’, ‘ಯಾರ ಪಕ್ಕ ಕೂತು ಊಟ ಮಾಡಿದೆ?’ ಅಂತ ಚಿಕ್ಕದಾಗಿ ಕೇಳಿ. ಇಲ್ಲವೇ ಮನೆಯಲ್ಲಿ ಸ್ಕೂಲಾಟ ಆಡಿ, ಅವನು ಟೀಚರ್, ನೀವು ಮಗು. ಅವನು ಕೋಲು ಹಿಡಿದು ಗದರಿಸಲು ಶುರು ಮಾಡಿದರೆ ಅದನ್ನು ಎಲ್ಲಿ ನೋಡಿದ ಅಂತ ಮೆಲ್ಲಗೆ ತಿಳಿದುಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಹೊಡೆಯುವುದೂ ನಿಷೇಧ, ಮಾತಿನಿಂದ ನೋಯಿಸುವುದೂ ನಿಷೇಧ.

ಪ್ರಶ್ನೆ: ಮಗಳಿಗೆ ಆರು ವರ್ಷ ಎರಡು ತಿಂಗಳು. ಟೀಚರ್ ಹೇಳಿದ್ದು ಎರಡು ಮೂರು ಸಲ ಹೇಳಿದರೂ ತಿಳಿಯುವುದಿಲ್ಲ, ‘ಡಿಸ್‌ಲೆಕ್ಸಿಯಾ (ಓದು ಬರಹ ಹತ್ತದ ತೊಂದರೆ) ಇರಬಹುದು’ ಅಂತಾರೆ. ಟಿವಿ ಸೌಂಡ್ ಜಾಸ್ತಿ ಇಡುತ್ತಾಳೆ. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತು. – ಒಬ್ಬ ತಾಯಿ, ಮಂಡ್ಯ

ನಿಮ್ಮ ಪತ್ರದ ಕೊನೆಯ ಎರಡು ಸಾಲುಗಳನ್ನು ಮೊದಲು ಡಾಕ್ಟರಿಗೆ ಹೇಳಿ. ಡಿಸ್‌ಲೆಕ್ಸಿಯಾ ಅಂತ ನಿರ್ಧರಿಸುವುದು ಸಾಮಾನ್ಯವಾಗಿ ಏಳೆಂಟು ವರ್ಷದ ಮೇಲೆ, ಸರಿಯಾಗಿ ಕಲಿಸಿಯೂ ಓದು ಹತ್ತದಿದ್ದಾಗ. ಅದಕ್ಕೂ ಮುಂಚೆ ಕಿವಿ ಮತ್ತು ಕಣ್ಣು ನೋಡಿಸಲೇಬೇಕು. ನನಗೆ ಕೇಳಿಸುತ್ತಿಲ್ಲ ಅಂತ ಆರು ವರ್ಷದ ಮಗು ಹೇಳುವುದಿಲ್ಲ, ಎಲ್ಲರಿಗೂ ಹೀಗೇ ಕೇಳಿಸುತ್ತದೆ ಅಂದುಕೊಂಡಿರುತ್ತದೆ. ನೀವು ಮಂಡ್ಯದವರು, ಮೈಸೂರು ಹತ್ತಿರ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕ್ಕ ಮಕ್ಕಳ ಶ್ರವಣ ಪರೀಕ್ಷೆ ಮಾಡುತ್ತಾರೆ. ಸರ್ಕಾರಿ ಶಾಲೆಯಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೂ ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತದೆ, ಆದರೆ ನೀವು ಅದಕ್ಕೆ ಕಾಯಬೇಡಿ. ಅಲ್ಲಿಯವರೆಗೆ ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ನೋಡಿ ಮಾತಾಡಿ ಅಂತ ಟೀಚರ್‌ಗೆ ಹೇಳಿ. ಮನೆಯಲ್ಲಿ ಕಿವಿಗೆ ಎಣ್ಣೆ ಬಿಡುವುದು ಬೇಡ. ಪರೀಕ್ಷೆ ಆದಮೇಲೆ ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ, ಕ್ಲಾಸಿನಲ್ಲಿ ಮುಂದೆ ಏನು ಮಾಡಬಹುದು ಅಂತ ಆಗ ವಿವರವಾಗಿ ಹೇಳುತ್ತೇನೆ.